ಸಂಪಿಗೆಯಲ್ಲಿ ಹುಟ್ಟಿದ ಇಂಗ್ಲಿಷ್ ಮೇಷ್ಟ್ರು

ಕನ್ನಡದ ಕಣ್ವ ಎಂದು ನಾಡೆಲ್ಲ ಕರೆಯುವ ಬಿ.ಎಂ. ಶ್ರೀಕಂಠಯ್ಯನವರು ಸಂಬಳ ಪಡೆದದ್ದು ಇಂಗ್ಲಿಷ್ ಪಾಠ ಹೇಳಿ. ನಮಗೆಲ್ಲ ಬಿ.ಎಂ.ಶ್ರೀ. ಎಂದರೆ ಪಠ್ಯಪುಸ್ತಕದ ಕವಿ ಪರಿಚಯದ ನಾಲ್ಕು ಸಾಲು ಮತ್ತು ಪರೀಕ್ಷೆಯಲ್ಲಿ ಬರುವ ಎರಡು ಅಂಕದ ಪ್ರಶ್ನೆ. ಆ ನಾಲ್ಕು ಸಾಲಿನಲ್ಲಿ ಅವರು ಹುಟ್ಟಿದ ಊರು ನಮ್ಮ ಜಿಲ್ಲೆಯದು ಎಂದು ಇರುತ್ತದೆ. ಓದಿಯೂ ನಾವು ಅದನ್ನು ಗಮನಿಸಿರುವುದಿಲ್ಲ.

ತುಮಕೂರಿನಿಂದ ಅರಸೀಕೆರೆ ಕಡೆಗೆ ಪ್ಯಾಸೆಂಜರ್ ರೈಲಿನಲ್ಲಿ ಹೋದರೆ ಗುಬ್ಬಿ, ನಿಟ್ಟೂರು ದಾಟಿದ ಮೇಲೆ ಸಂಪಿಗೆ ರೋಡ್ ಎಂಬ ಚಿಕ್ಕ ಸ್ಟೇಷನ್ ಬರುತ್ತದೆ. ಆ ಸಂಪಿಗೆ ಈಗ ತುರುವೇಕೆರೆ ತಾಲ್ಲೂಕಿಗೆ ಸೇರಿದೆ. ಅದು ಶ್ರೀಕಂಠಯ್ಯನವರ ತಾಯಿಯ ತವರು. ಅಲ್ಲಿ 1884ರ ಜನವರಿ 3ರಂದು ಅವರು ಹುಟ್ಟಿದರು. ತಂದೆಯ ಕಡೆಯ ಊರು ಬೆಳ್ಳೂರು. ಅದು ನಾಗಮಂಗಲ ತಾಲ್ಲೂಕಿನದು, ಆದರೆ ನಮ್ಮವರಿಗೆ ದಾರಿ ಹೇಳಬೇಕೆಂದರೆ ಕುಣಿಗಲ್‌ನಿಂದ ಎಡೆಯೂರು ದಾಟಿದರೆ ಸಿಗುವ ಬೆಳ್ಳೂರು ಕ್ರಾಸ್ ಎಂದರೆ ಸಾಕು. ಅವರ ಹೆಸರಿನ ಮೊದಲ ಅಕ್ಷರ ಆ ಬೆಳ್ಳೂರಿನದೇ, ಎರಡನೆಯದು ತಂದೆ ಮೈಲಾರಯ್ಯನವರದು. ಅಂದರೆ ತಾಯಿಯ ಊರು ಗುಬ್ಬಿಯ ಆಚೆ, ತಂದೆಯ ಊರು ಕುಣಿಗಲ್‌ನ ಆಚೆ. ಈ ಎರಡು ರಸ್ತೆಗಳಲ್ಲಿ ನಮ್ಮ ಕಾಲೇಜಿನ ಅರ್ಧ ಜನ ದಿನಾ ಬಸ್ಸಿನಲ್ಲಿ ಓಡಾಡುತ್ತಾರೆ.

ತಂದೆ ಶ್ರೀರಂಗಪಟ್ಟಣದಲ್ಲಿ ವಕೀಲರು. ಹೀಗಾಗಿ ಬಾಲ್ಯ ಅಲ್ಲಿ ಕಳೆಯಿತು. ನಮ್ಮ ಮನೆಗಳಲ್ಲಿ ಶ್ರೀರಂಗಪಟ್ಟಣ ಎಂದರೆ ಟಿಪ್ಪು ಸುಲ್ತಾನರ ಊರು. ಅದೇ ಕೋಟೆಯ ಊರಿನಲ್ಲಿ, ಟಿಪ್ಪು ಹೋಗಿ ಸುಮಾರು ತೊಂಬತ್ತು ವರ್ಷಗಳ ನಂತರ, ಇನ್ನೊಬ್ಬ ಹುಡುಗ ಎ, ಬಿ, ಸಿ, ಡಿ ಕಲಿಯುತ್ತಿದ್ದ ಎಂದು ಯೋಚಿಸಿದರೆ ವಿಚಿತ್ರವೆನಿಸುತ್ತದೆ. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಆಗ ಮೈಸೂರು ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾಲಯ ಇರಲಿಲ್ಲ. ಅದು ಬಂದದ್ದು 1916ರಲ್ಲಿ. ಅಲ್ಲಿಯವರೆಗೆ ನಮ್ಮ ಕಾಲೇಜುಗಳೆಲ್ಲ ಮದರಾಸು ವಿಶ್ವವಿದ್ಯಾಲಯದ ಕೆಳಗೆ ಇದ್ದವು. ಶ್ರೀಕಂಠಯ್ಯನವರು ಮದರಾಸಿನಲ್ಲಿ ಓದಿ ಬಿ.ಎಲ್. ಮತ್ತು ಎಂ.ಎ. ಎರಡನ್ನೂ ಪಡೆದರು. ಕಾನೂನು ಪದವಿ ಇದ್ದರೂ ತಂದೆಯಂತೆ ವಕೀಲರಾಗಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

ಆ ಕಾಲದಲ್ಲಿ ಇಂಗ್ಲಿಷ್ ಕಲಿಯುವುದು ಹೇಗಿತ್ತು ಎಂದು ಸ್ವಲ್ಪ ಹೇಳಬೇಕು. ಭಾರತದ ಶಾಲೆಗಳಲ್ಲಿ ನೆಸ್‌ಫೀಲ್ಡ್ ಎಂಬುವರ ವ್ಯಾಕರಣ ಪುಸ್ತಕಗಳು ನಡೆಯುತ್ತಿದ್ದವು. ಒಂದು ವಾಕ್ಯ ಕೊಟ್ಟರೆ ಅದರ ಒಂದೊಂದು ಪದವನ್ನೂ ಬಿಡಿಸಿ, ಇದು ನಾಮಪದ, ಇದು ಕ್ರಿಯಾಪದ, ಇದು ಯಾವುದಕ್ಕೆ ಸೇರಿದ್ದು ಎಂದು ಪಟ್ಟಿ ಮಾಡಬೇಕಿತ್ತು. ನಾವು ಈಗ ಬಳಸುವ ರೆನ್ ಮತ್ತು ಮಾರ್ಟಿನ್ ಬಂದದ್ದು ಬಹಳ ತಡವಾಗಿ, 1930ರ ದಶಕದಲ್ಲಿ. ಆ ಹೊತ್ತಿಗೆ ಶ್ರೀಕಂಠಯ್ಯನವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿ ಆಗಿತ್ತು. (ಆ ರೆನ್ ಸಾಹೇಬರು ಕಾದಂಬರಿಗಳನ್ನೂ ಬರೆದಿದ್ದಾರೆ. ಅವರ ವ್ಯಾಕರಣದ ಉದಾಹರಣೆ ವಾಕ್ಯಗಳನ್ನು ಓದಿದವರಾರೂ ಇದನ್ನು ನಂಬುವುದಿಲ್ಲ.)

ನಾನು ಒಂಬತ್ತನೇ ತರಗತಿಯ ರಜೆಯಲ್ಲಿ ತುಮಕೂರಿನಲ್ಲಿ ಒಂದು ತಿಂಗಳ ಇಂಗ್ಲಿಷ್ ವ್ಯಾಕರಣದ ಬೇಸಿಗೆ ಶಿಬಿರಕ್ಕೆ ಸೇರಿದ್ದೆ. ಗುಬ್ಬಿ, ಕುಣಿಗಲ್‌ನಿಂದಲೂ ಹುಡುಗರು ಬರುತ್ತಿದ್ದರು. ಅಲ್ಲಿ ಮೊದಲ ವಾರ ಪೂರ್ತಿ ನಡೆದದ್ದು ಒಂದೇ ಪಾಠ, ಕ್ರಿಯಾಪದ ಎಲ್ಲಿ ಕೂರಬೇಕು ಎಂಬುದು. ನಾನು ನಿನ್ನೆ ಗುಬ್ಬಿಗೆ ಹೋದೆ ಎಂಬಲ್ಲಿ ಹೋದೆ ಕೊನೆಗೆ ಬರುತ್ತದೆ. ಮನೆಯಲ್ಲಿ ಮೈಂ ಕಲ್ ಗುಬ್ಬಿಕು ಗಯಾ ಎನ್ನುತ್ತೇವೆ, ಅಲ್ಲೂ ಕೊನೆಗೆ. ಇಂಗ್ಲಿಷಿನಲ್ಲಿ ಐ ಆದ ತಕ್ಷಣ ವೆಂಟ್ ಬಂದುಬಿಡಬೇಕು. ಗುಬ್ಬಿ ಆಮೇಲೆ, ನಿನ್ನೆ ಇನ್ನೂ ಆಮೇಲೆ. ಕನ್ನಡದವರು, ಉರ್ದುವಿನವರು ಇಬ್ಬರಿಗೂ ಒಂದೇ ಕಷ್ಟ ಎಂಬುದು ಅಲ್ಲಿ ಗೊತ್ತಾಯಿತು.

ಎರಡನೇ ಕಷ್ಟ ಇನ್ನೂ ದೊಡ್ಡದು. ಬೇರೆಯವರು ಹೇಳಿದ ಮಾತನ್ನು ನಾವು ಹೇಳುವಾಗ ಇಂಗ್ಲಿಷಿನಲ್ಲಿ ಎಲ್ಲವೂ ಬದಲಾಗುತ್ತದೆ. ಐ ಇದ್ದದ್ದು ಹೀ ಆಗುತ್ತದೆ, ವಿಲ್ ಇದ್ದದ್ದು ವುಡ್ ಆಗುತ್ತದೆ, ಟುಮಾರೊ ಇದ್ದದ್ದು ದ ನೆಕ್ಸ್ಟ್ ಡೇ ಆಗುತ್ತದೆ. ಕನ್ನಡದಲ್ಲಿ ಅವನು ಬರ್ತೀನಿ ಅಂತ ಹೇಳಿದ ಎಂದರೆ ಮುಗಿಯಿತು. ಅವನ ಮಾತು ಅವನ ಬಾಯಲ್ಲಿ ಇದ್ದ ಹಾಗೆಯೇ ಇರುತ್ತದೆ, ಮಧ್ಯೆ ಒಂದು ಅಂತ ಹಾಕಿದರೆ ಸಾಕು. ನಮ್ಮ ಕಡೆಯ ಉರ್ದುವಿನಲ್ಲೂ ಉನೆ ಆತೂಂ ಬೋಲ್ಕೆ ಬೋಲ್ಯಾ ಎನ್ನುತ್ತೇವೆ. ಲಕ್ನೋದ ಉರ್ದುವಿನಲ್ಲಿ ಈ ಬೋಲ್ಕೆ ಇಲ್ಲ. ಅದು ನಮಗೆ ದಖ್ಖನಿನಲ್ಲಿ ಸುತ್ತಲಿನ ಭಾಷೆಗಳಿಂದ ಬಂದದ್ದು. ಕನ್ನಡದ ಅಂತ, ತೆಲುಗಿನ ಅನಿ ಇವುಗಳ ಜಾಗದಲ್ಲಿ ಕೂತಿದೆ. ಪುಸ್ತಕದ ಉರ್ದು ಬಲ್ಲವರು ಇದನ್ನು ಕೇಳಿ ನಗುತ್ತಾರೆ. ನನಗೇನೋ ಇದು ನಾವು ಎಷ್ಟು ಕಾಲದಿಂದ ಇಲ್ಲಿದ್ದೇವೆ ಎಂಬುದಕ್ಕೆ ರಸೀದಿಯ ಹಾಗೆ ಕಾಣುತ್ತದೆ.

ಈ ವ್ಯಾಕರಣದ ದಾರಿಯಲ್ಲಿ ಹಿಂದೆ ಉಲ್ಟಾ ಬಂದವರೂ ಇದ್ದರು. ಗುಬ್ಬಿಯಲ್ಲಿ 1837ರಲ್ಲಿ ವೆಸ್ಲಿಯನ್ ಮಿಷನ್ ಆರಂಭವಾಯಿತು. ಅಲ್ಲಿದ್ದ ಥಾಮಸ್ ಹಾಡ್ಸನ್ ಎಂಬ ಇಂಗ್ಲಿಷ್ ಪಾದ್ರಿ ಕನ್ನಡ ಕಲಿತು, ಇಂಗ್ಲಿಷ್ ಬಲ್ಲವರಿಗಾಗಿ ಕನ್ನಡದ ಪ್ರಾಥಮಿಕ ವ್ಯಾಕರಣವೊಂದನ್ನು ಬರೆದರು. 1864ರ ಹೊತ್ತಿಗೆ ಅದರ ಎರಡನೇ ಮುದ್ರಣ ಬಂತು. ಅದರಲ್ಲಿ ಪ್ರತಿ ಉದಾಹರಣೆಯ ಒಂದೊಂದು ಪದಕ್ಕೂ ಇಂಗ್ಲಿಷ್ ಅರ್ಥ, ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ ಕೊಟ್ಟಿದ್ದಾರೆ. ನಮ್ಮ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಪದದ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಬರೆದುಕೊಳ್ಳುತ್ತೇವಲ್ಲ, ಹಾಗೆಯೇ. ಕ್ರಿಯಾಪದ ಕೊನೆಗೆ ಹೋಗಿ ಕೂರುವುದು ಅವರಿಗೂ ತಲೆನೋವಾಗಿರಬೇಕು.

ಶ್ರೀಕಂಠಯ್ಯನವರ ಕಡೆಗೆ ಬರೋಣ. ಅವರು ಇಂಗ್ಲಿಷಿನಲ್ಲಿ ಒಳ್ಳೆಯ ಗದ್ಯ ಬರೆಯುವುದನ್ನು ಕಲಿತಿದ್ದರು, ಕಲಿಸುತ್ತಿದ್ದರು. ವಿದ್ಯಾರ್ಥಿಗಳಿಗಾಗಿ ಎ ಹ್ಯಾಂಡ್‌ಬುಕ್ ಆಫ್ ರೆಟರಿಕ್ ಎಂಬ ಪುಸ್ತಕವನ್ನು ಇಂಗ್ಲಿಷಿನಲ್ಲಿ ಬರೆದರು. ಮಾತನ್ನು ಹೇಗೆ ಜೋಡಿಸಿದರೆ ಕೇಳುವವರ ಮನಸ್ಸಿಗೆ ತಾಗುತ್ತದೆ ಎಂಬ ಶಾಸ್ತ್ರ ಅದು. ಷೇಕ್ಸ್‌ಪಿಯರ್, ವರ್ಡ್ಸ್‌ವರ್ತ್, ಶೆಲ್ಲಿ ಇವರ ದಿನದ ಪಾಠ. ಗ್ರೀಕ್ ನಾಟಕಗಳ ಹುಚ್ಚೂ ಇತ್ತು. ಇಂಥವರು ಹಾಗೆಯೇ ನಡೆದುಹೋಗಿದ್ದರೆ ಒಬ್ಬ ಒಳ್ಳೆಯ ಇಂಗ್ಲಿಷ್ ಪ್ರೊಫೆಸರ್ ಆಗಿ ನಿವೃತ್ತರಾಗುತ್ತಿದ್ದರು, ಅವರ ಹೆಸರು ಆ ಕಾಲೇಜಿನ ಗೋಡೆಯ ಹಲಗೆಯ ಮೇಲೆ ಮಾತ್ರ ಉಳಿಯುತ್ತಿತ್ತು.

1911ರಲ್ಲಿ ಅವರು ಧಾರವಾಡಕ್ಕೆ ಹೋದರು. ಆಗ ಅವರಿಗೆ 27 ವರ್ಷ. ಧಾರವಾಡ ಆಗ ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ, ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ಮರಾಠಿಯ ಮುಂದೆ ಕನ್ನಡ ಸೊರಗಿತ್ತು, ಮೈಸೂರಿನಲ್ಲಿ ಇಂಗ್ಲಿಷಿನ ಮುಂದೆ ಸೊರಗಿತ್ತು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭೆಯಲ್ಲಿ ಈ ತರುಣ ಇಂಗ್ಲಿಷ್ ಅಧ್ಯಾಪಕರು ಕನ್ನಡದಲ್ಲಿ ಭಾಷಣ ಮಾಡಿದರು. ವಿಷಯ, ಕನ್ನಡ ಭಾಷೆ ಮತ್ತೆ ತಲೆ ಎತ್ತುವ ದಾರಿ ಯಾವುದು ಎಂಬುದು. ಇಂಗ್ಲಿಷನ್ನು ಓಡಿಸಿ ಎಂದು ಅವರು ಹೇಳಲಿಲ್ಲ. ಕನ್ನಡ ಹಳೆಯದನ್ನೇ ಹಾಡಿಕೊಂಡು ಕೂರಬೇಕೆಂದೂ ಹೇಳಲಿಲ್ಲ. ಇಂಗ್ಲಿಷ್ ಕಲಿತವರು ಅಲ್ಲಿಂದ ತಂದು ಕನ್ನಡಕ್ಕೆ ಕೊಡಬೇಕು, ಜನ ಆಡುವ ಹೊಸಗನ್ನಡದಲ್ಲಿ ಬರೆಯಬೇಕು ಎಂಬುದು ಅವರ ವಾದದ ಸಾರ. ನಾವು ಕಾಮರ್ಸಿನವರು ಇದನ್ನು ಸುಲಭವಾಗಿ ಅರ್ಥ ಮಾಡಿಕೊಳ್ಳಬಹುದು. ಒಂದು ಖಾತೆಗೆ ಬರೆದದ್ದನ್ನು ಇನ್ನೊಂದು ಖಾತೆಗೂ ಬರೆಯದಿದ್ದರೆ ಲೆಕ್ಕ ಕೂಡುವುದಿಲ್ಲ. ಇಂಗ್ಲಿಷ್ ಓದಿದವರು ಬಹಳ ಜನ, ಆದರೆ ಅವರ ಲೆಕ್ಕದಲ್ಲಿ ಒಂದೇ ಬದಿ ತುಂಬಿತ್ತು.

ಹೇಳಿದ್ದನ್ನು ಅವರು ಮಾಡಿ ತೋರಿಸಲು ಹತ್ತು ವರ್ಷ ಹಿಡಿಯಿತು. 1921ರಲ್ಲಿ ಇಂಗ್ಲಿಷ್ ಗೀತಗಳು ಎಂಬ ಪುಟ್ಟ ಪುಸ್ತಕ ಬಂತು. 1926ರಲ್ಲಿ ಅದು ದೊಡ್ಡದಾಗಿ ಮತ್ತೆ ಪ್ರಕಟವಾಯಿತು. ಹೆಚ್ಚಿನವು ಗೋಲ್ಡನ್ ಟ್ರೆಷರಿ ಎಂಬ ಪ್ರಸಿದ್ಧ ಸಂಕಲನದಲ್ಲಿನ ಇಂಗ್ಲಿಷ್ ಕವನಗಳ ಕನ್ನಡ ರೂಪ. ಇದರಲ್ಲಿ ಅಂಥದ್ದೇನಿದೆ, ಅನುವಾದ ತಾನೇ ಎಂದು ನಾನೂ ಮೊದಲು ಕೇಳಿದ್ದೆ. ನಮ್ಮ ಕನ್ನಡ ಮೇಡಂ ಸಮಾಧಾನವಾಗಿ ವಿವರಿಸಿದರು.

ಹಳೆಯ ಕನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನವಾಗಿರಬೇಕು. ಅದಕ್ಕೆ ಆದಿಪ್ರಾಸ ಎನ್ನುತ್ತಾರೆ. ಸಾವಿರ ವರ್ಷ ಅದು ಕಾನೂನಿನ ಹಾಗೆ ನಡೆದಿತ್ತು. ಆ ಅಕ್ಷರ ಹುಡುಕುವ ಭರದಲ್ಲಿ ಹೇಳಬೇಕಾದ ಮಾತು ಎಲ್ಲಿಗೋ ಹೋಗುತ್ತಿತ್ತು. ಶ್ರೀಕಂಠಯ್ಯನವರು ಅದನ್ನು ಬಿಟ್ಟರು. ಬಿಟ್ಟು ಇಂಗ್ಲಿಷಿನ ಲಯವನ್ನು ಹಾಗೆಯೇ ತಂದರೇ? ಅದೂ ಇಲ್ಲ. ಇಂಗ್ಲಿಷಿನಲ್ಲಿ ಪದದ ಒಂದು ಭಾಗವನ್ನು ಒತ್ತಿ ಹೇಳುತ್ತಾರೆ, ಲಯ ಹುಟ್ಟುವುದು ಆ ಒತ್ತಿನಿಂದ. ಕನ್ನಡಕ್ಕೆ ಆ ಒತ್ತು ಇಲ್ಲ. ನಮ್ಮದು ಲಘು, ಗುರು ಎಣಿಸುವ ಲೆಕ್ಕ. ಹಾಗಾಗಿ ಕನ್ನಡದಲ್ಲೇ ಇದ್ದ ಮೂರು, ನಾಲ್ಕು, ಐದು ಮಾತ್ರೆಯ ಗಣಗಳನ್ನು ತೆಗೆದುಕೊಂಡು, ಸಾಲುಗಳನ್ನು ಉದ್ದ ಗಿಡ್ಡ ಮಾಡಿ, ಹೊಸ ರೀತಿಯಲ್ಲಿ ಜೋಡಿಸಿದರು. ಆಸೆ ಇಂಗ್ಲಿಷಿನಿಂದ ಬಂತು, ಸಾಮಾನು ಮನೆಯದೇ. ಆಮೇಲೆ ಬಂದ ಕವಿಗಳು ಹತ್ತಾರು ವರ್ಷ ಇದೇ ಗಣಗಳಲ್ಲಿ ಬರೆದರು.

ಜಾನ್ ಹೆನ್ರಿ ನ್ಯೂಮನ್ ಎಂಬ ಪಾದ್ರಿ 1833ರಲ್ಲಿ ಸಿಸಿಲಿಯಲ್ಲಿ ಕಾಯಿಲೆ ಬಿದ್ದು ಎದ್ದು, ಹಡಗಿನಲ್ಲಿ ಊರಿಗೆ ಮರಳುವಾಗ ಬರೆದ ಒಂದು ಪ್ರಾರ್ಥನೆ ಇದೆ. ಕತ್ತಲಲ್ಲಿ ದಾರಿ ತಪ್ಪಿದವನು ಬೆಳಕನ್ನು ಕರೆಯುವ ಹಾಡು. ಶ್ರೀಕಂಠಯ್ಯನವರ ಕನ್ನಡದಲ್ಲಿ ಅದನ್ನು ಕರ್ನಾಟಕದ ಎಷ್ಟೋ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಗೆ ಹಾಡಿದ್ದಾರೆ. ಹಾಡುವ ಮಕ್ಕಳಿಗೆ ಅದು ಇಂಗ್ಲಿಷಿನಿಂದ ಬಂದದ್ದೆಂದು ಗೊತ್ತಿರುವುದಿಲ್ಲ, ಬರೆದವರು ಕ್ರೈಸ್ತ ಪಾದ್ರಿ ಎಂದೂ ಗೊತ್ತಿರುವುದಿಲ್ಲ. ಇಂಗ್ಲಿಷ್ ಮೂಲದ ವಾಕ್ಯರಚನೆಯನ್ನು ಹಿಡಿದುಕೊಂಡು ಕೂತಿದ್ದರೆ ಅದು ಕನ್ನಡ ಬಾಯಿಗೆ ಹೀಗೆ ಹತ್ತುತ್ತಿರಲಿಲ್ಲ. ಲಂಡನ್ನಿನ ನದಿಗೆ ಬಿದ್ದು ಸತ್ತ ಹೆಣ್ಣೊಬ್ಬಳ ಬಗ್ಗೆ ಥಾಮಸ್ ಹುಡ್ ಬರೆದ ಕವನವೂ ಈ ಪುಸ್ತಕದಲ್ಲಿದೆ. ಅದನ್ನು ಓದಿದಾಗ ನದಿ ಯಾವ ಊರಿನದು ಎಂಬುದೇ ಮರೆತುಹೋಗುತ್ತದೆ. ಎಲ್ಲ ಕವನಗಳೂ ನನಗೆ ಹಿಡಿಸಿದವು ಎಂದರೆ ಸುಳ್ಳಾಗುತ್ತದೆ. ಕೆಲವು ಕಡೆ ಹಳಗನ್ನಡದ ಪದಗಳು ಬಂದು ಅರ್ಥ ನಿಂತುಹೋಗುತ್ತದೆ. ಹೊಸಗನ್ನಡದಲ್ಲಿ ಬರೆಯಿರಿ ಎಂದವರೇ ಹೀಗೆ ಮಾಡಿದರಲ್ಲ ಎನಿಸುತ್ತದೆ. ಅವರ ನಾಟಕಗಳಲ್ಲಂತೂ ಇದು ಇನ್ನೂ ಹೆಚ್ಚು.

ನಾಟಕಗಳಲ್ಲಿ ಒಂದರ ಬಗ್ಗೆ ಮಾತ್ರ ಹೇಳುತ್ತೇನೆ. ಗ್ರೀಕ್ ನಾಟಕಕಾರ ಈಸ್ಕಿಲಸ್ ಬರೆದ ನಾಟಕವನ್ನು ಅವರು 1935ರಲ್ಲಿ ಪಾರಸಿಕರು ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಗ್ರೀಕರ ಮೇಲೆ ದಂಡೆತ್ತಿ ಬಂದ ಪರ್ಷಿಯಾದವರು ಸೋತು ಹೋದ ಕಥೆ. ಈಸ್ಕಿಲಸ್ ಸ್ವತಃ ಪರ್ಷಿಯನ್ನರ ವಿರುದ್ಧ ಯುದ್ಧ ಮಾಡಿದ್ದವನು. ಆದರೂ ನಾಟಕ ನಡೆಯುವುದು ಸೋತವರ ಅರಮನೆಯ ಮುಂದೆ. ಗೆದ್ದವನು ಶತ್ರುವಿನ ತಾಯಿಯ ದುಃಖವನ್ನು ಬರೆದಿದ್ದಾನೆ. ಇಷ್ಟೊಂದು ಗ್ರೀಕ್ ನಾಟಕಗಳಿರುವಾಗ ಅವರು ಇದನ್ನು ಆರಿಸಿದ್ದು ನನಗೆ ಬಹಳ ಇಷ್ಟವಾಯಿತು.

1927ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಆರಂಭವಾಯಿತು. ಅಲ್ಲಿಯವರೆಗೆ ಕನ್ನಡ ನಾಡಿನ ವಿಶ್ವವಿದ್ಯಾಲಯದಲ್ಲೇ ಕನ್ನಡದಲ್ಲಿ ಎಂ.ಎ. ಮಾಡಲು ಆಗುತ್ತಿರಲಿಲ್ಲ. ಅದರ ಹಿಂದೆ ಮುಖ್ಯವಾಗಿ ನಿಂತವರು ಈ ಇಂಗ್ಲಿಷ್ ಪ್ರೊಫೆಸರ್. ಮೊದಲ ತಂಡದಲ್ಲಿ ಕುವೆಂಪು ಇದ್ದರು. ಕುವೆಂಪು ಕೂಡ ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. ಅವರ ಮೊದಲ ಪುಸ್ತಕ 1922ರಲ್ಲಿ ಬಂದ ಇಂಗ್ಲಿಷ್ ಕವನಗಳು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರು ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ತಿಳಿಹೇಳಿದ ಮೇಲೆ ಕನ್ನಡಕ್ಕೆ ಬಂದರು. ನಮ್ಮ ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರೂ ಬಿ.ಎಂ.ಶ್ರೀ. ಶಿಷ್ಯರು. ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಎಂ.ಎ. ಮಾಡಿದವರು. ಪ್ರೌಢಶಾಲೆಯ ಮಕ್ಕಳು ವ್ಯಾಕರಣ ಕಲಿಯಲೆಂದು ಕನ್ನಡ ಮಧ್ಯಮ ವ್ಯಾಕರಣ ಬರೆದವರು ಇವರೇ. ಇಬ್ಬರು ಶ್ರೀಕಂಠಯ್ಯರು, ಇಬ್ಬರೂ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದವರು, ಇಬ್ಬರೂ ಇಂಗ್ಲಿಷ್ ಓದಿ ಕನ್ನಡಕ್ಕೆ ದುಡಿದವರು. ಪರೀಕ್ಷೆಯಲ್ಲಿ ಅದಲುಬದಲು ಮಾಡಬೇಡಿ!

ಉಳಿದ ಗೌರವಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1928ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕಲಬುರಗಿ ಆಗ ಹೈದರಾಬಾದ್ ನಿಜಾಮರ ರಾಜ್ಯದಲ್ಲಿತ್ತು, ಅಲ್ಲಿ ಆಡಳಿತ ನಡೆಯುತ್ತಿದ್ದದ್ದು ಉರ್ದುವಿನಲ್ಲಿ. 1938ರಲ್ಲಿ ಮೈಸೂರು ಮಹಾರಾಜರು ರಾಜಸೇವಾಸಕ್ತ ಎಂಬ ಬಿರುದು ಕೊಟ್ಟರು. ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ದುಡಿದರು, ಕನ್ನಡ ನುಡಿ ಎಂಬ ಪತ್ರಿಕೆ ಹೊರಬರುವಂತೆ ಮಾಡಿದರು. ಪರಿಷತ್ತಿನ ಅಚ್ಚುಕೂಟಕ್ಕೆ ಈಗಲೂ ಅವರ ಹೆಸರೇ ಇದೆ. ಮನೆಯ ಕಡೆ ಸುಖ ಕಡಿಮೆ. ಹೆಂಡತಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು, ಮತ್ತೆ ಮದುವೆಯಾಗಲಿಲ್ಲ.

ಕಣ್ವ ಎಂಬ ಬಿರುದಿನ ಅರ್ಥ ನನಗೆ ಗೊತ್ತಿರಲಿಲ್ಲ. ಕಾಡಿನಲ್ಲಿ ಸಿಕ್ಕಿದ ಶಕುಂತಲೆ ಎಂಬ ಮಗುವನ್ನು ಸಾಕಿ ಬೆಳೆಸಿದ ಋಷಿ ಕಣ್ವ ಎಂದು ಕೇಳಿ ತಿಳಿದುಕೊಂಡೆ. ಹೆತ್ತವರಲ್ಲ, ಸಾಕಿದವರು. ಈ ಹೆಸರನ್ನು ಯಾರು ಏಕೆ ಇಟ್ಟರೋ, ನನ್ನ ಮಟ್ಟಿಗೆ ಇದು ಇಷ್ಟವಾಗಲು ಬೇರೆ ಕಾರಣವಿದೆ. ನಮ್ಮ ಮನೆಯಲ್ಲಿ ಈ ಮಾತು ಆಗಾಗ ಬರುತ್ತದೆ. ಕೆಲಸಕ್ಕೆ ಇಂಗ್ಲಿಷ್ ಬೇಕು, ಮನೆಗೆ ಉರ್ದು ಇದೆ, ಮತ್ತೆ ಕನ್ನಡದಲ್ಲಿ ಲೇಖನ ಬರೆಯುವುದು ಏಕೆ ಎಂದು ಒಬ್ಬ ಚಾಚಾ ಕೇಳುತ್ತಾರೆ. ಅವರು ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ನನ್ನ ಸಮಯ ಹಾಳಾಗಬಾರದು ಎಂಬ ಕಾಳಜಿ. ಹೊರಗೆ ಇನ್ನೊಂದು ರೀತಿಯ ಪ್ರಶ್ನೆ ಬರುತ್ತದೆ. ನಿನ್ನ ಕನ್ನಡ ಚೆನ್ನಾಗಿದೆಯಲ್ಲ ಎಂದು ಆಶ್ಚರ್ಯಪಡುತ್ತಾರೆ. ತುಮಕೂರಿನಲ್ಲಿ ಹುಟ್ಟಿದ ಬೇರೆ ಹುಡುಗನಿಗೆ ಯಾರೂ ಹೀಗೆ ಹೇಳುವುದಿಲ್ಲ.

ಮಾಸ್ತಿಯವರ ಮನೆಮಾತು ತಮಿಳು. ಬೇಂದ್ರೆಯವರದು ಮರಾಠಿ. ಕೆ.ಎಸ್. ನಿಸಾರ್ ಅಹಮದ್ ಅವರ ಮನೆಯಲ್ಲಿ ಆಡುತ್ತಿದ್ದದ್ದು ಉರ್ದು, ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ಭೂಗರ್ಭಶಾಸ್ತ್ರ. ಚಾಚಾಗೆ ಈ ಪಟ್ಟಿ ಹೇಳಿದೆ. ಆಮೇಲೆ ನನ್ನ ಲೆಕ್ಕಶಾಸ್ತ್ರದ ಪುಸ್ತಕ ತೆರೆದು ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ ಎಂಬ ಕನ್ನಡ ಪದಗಳನ್ನು ತೋರಿಸಿದೆ. ಎಲ್ಲವೂ ಅರಬ್ಬಿ, ಫಾರ್ಸಿಯಿಂದ ಬಂದವು. ಯಾವ ಕನ್ನಡ ಅಂಗಡಿಯವರೂ ಇವುಗಳನ್ನು ವಾಪಸು ಕಳಿಸಿಲ್ಲ. ಚಾಚಾ ನಕ್ಕರು, ಆದರೆ ಒಪ್ಪಲಿಲ್ಲ. ಮುಂದಿನ ಹಬ್ಬಕ್ಕೆ ಬಂದಾಗ ಮತ್ತೆ ಕೇಳುತ್ತಾರೆ.

ಶ್ರೀಕಂಠಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಪಾಠ ಹೇಳಿ ನಿವೃತ್ತರಾದರು. ವಿಶ್ರಾಂತಿ ತೆಗೆದುಕೊಳ್ಳುವ ವಯಸ್ಸಿನಲ್ಲಿ ಧಾರವಾಡದಿಂದ ಕರೆ ಬಂತು. ಅಲ್ಲಿ ಕರ್ನಾಟಕ ಎಜುಕೇಷನ್ ಬೋರ್ಡಿನವರು ತೆರೆದ ಹೊಸ ಕಲಾ ಕಾಲೇಜಿಗೆ ಪ್ರಿನ್ಸಿಪಾಲರಾಗಿ 1944ರಲ್ಲಿ ಹೋದರು. 27ರ ವಯಸ್ಸಿನಲ್ಲಿ ಭಾಷಣ ಮಾಡಿದ್ದ ಅದೇ ಊರು. 1946ರ ಜನವರಿ 3ಕ್ಕೆ ಅವರಿಗೆ 62 ತುಂಬಿತು. ಎರಡು ದಿನದ ನಂತರ, 5ನೇ ತಾರೀಖು, ಧಾರವಾಡದಲ್ಲೇ ತೀರಿಕೊಂಡರು. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟಿನ ಕೆಲಸದಲ್ಲಿ ಅವರು ವರ್ಷಗಟ್ಟಲೆ ದುಡಿದಿದ್ದರು. ಅದು ಅಚ್ಚಾಗಿ ಹೊರಬಂದದ್ದು ಅದೇ ವರ್ಷ.